ಅಬಿಯು, ಪಿಟಾಂಗ, ರೊಲಿನಿಯಾ: ಬೆಳೆಸಿ ರುಚಿ ಹೋಲಿಸುವ ಬಗೆ

ಅಪರೂಪದ ಹಣ್ಣು ತಿಂದು "ಅಷ್ಟೇನಾ?" ಅನ್ನುವವರು ಬಹಳ ಜನ. ಅವರಲ್ಲಿ ಮುಕ್ಕಾಲು ಪಾಲು ಜನ ತಿಂದದ್ದು ಹಣ್ಣಲ್ಲ, ಕಾಯಿ ಎಂದು ನನ್ನ ಗುಮಾನಿ. ಒಂದೊಂದು ಮರದ ಹಣ್ಣಿಗೂ ಅದರದ್ದೇ ಹದ ಇದೆ. ಆ ಹದ ತಪ್ಪಿದರೆ ಹೋಲಿಕೆಗೆ ಅರ್ಥವೇ ಇಲ್ಲ. ಹಾಗಾಗಿ ರುಚಿ ನೋಡುವ ಕೆಲಸ ಸಸಿ ಆರಿಸುವಾಗಲೇ ಶುರುವಾಗುತ್ತದೆ.

ಸಿಕ್ಕ ಸಿಕ್ಕ ಜಾತಿಯ ಒಂದೊಂದು ಸಸಿ ತರಬೇಡಿ. ಹತ್ತಿರದ ನಂಟಿರುವ ಎರಡು ಮೂರು ಗಿಡ ಒಟ್ಟಿಗೆ ಹಾಕಿ. ಮ್ಯಾಂಗೋಸ್ಟೀನ್, ಬೊಲಿವಿಯಾ ಮೂಲದ ಅಚಚೈರು, ಲೆಮನ್ ಡ್ರಾಪ್ ಮ್ಯಾಂಗೋಸ್ಟೀನ್ ಮೂರೂ ಗಾರ್ಸಿನಿಯಾ ಕುಲದವು. ಪುನರ್ಪುಳಿಯೂ ಅದೇ ಕುಲ. ಅಬಿಯು, ಎಗ್ ಫ್ರೂಟ್ ಎರಡೂ ಪೌಟೇರಿಯಾ, ಸಪೋಟದ ನೆಂಟರು. ಚೆರ್ರಿಯಂಥ ಸಣ್ಣ ಹಣ್ಣು ಬಿಡುವ ಪಿಟಾಂಗ, ಗ್ರುಮಿಚಾಮ ಎರಡೂ ಯುಜೀನಿಯಾ. ನಂಟಿರುವ ಹಣ್ಣುಗಳನ್ನು ಪಕ್ಕ ಪಕ್ಕ ಇಟ್ಟರೆ ಹುಳಿ ಎಲ್ಲಿ ಏರಿತು, ಪರಿಮಳ ಎಲ್ಲಿ ಬದಲಾಯಿತು ಎಂದು ನಾಲಿಗೆಗೆ ಗೊತ್ತಾಗುತ್ತದೆ. ಅಬಿಯು ಪಕ್ಕ ಪಿಟಾಂಗ ಇಟ್ಟರೆ ಒಂದು ಸಿಹಿ, ಇನ್ನೊಂದು ಹುಳಿ. ಅಲ್ಲಿಗೆ ಮಾತು ಮುಗಿಯಿತು.

ಇವುಗಳಲ್ಲಿ ಹೆಚ್ಚಿನವುಗಳ ಬೀಜ ಒಣಗಿದರೆ ಸತ್ತಂತೆಯೇ. ಹಣ್ಣು ತಿಂದ ಕೂಡಲೇ ತಿರುಳು ತೊಳೆದು ಬಿತ್ತಿ. ಕಾಗದದಲ್ಲಿ ಸುತ್ತಿ ಡ್ರಾಯರ್‌ನಲ್ಲಿ ಇಡುವ ಬೀಜ ಅಲ್ಲ ಇದು. ಮ್ಯಾಂಗೋಸ್ಟೀನ್‌ನದ್ದು ಇನ್ನೊಂದು ವಿಚಿತ್ರ. ಅದರ ಬೀಜ ಪರಾಗ ಸೇರದೆಯೇ ಆಗುತ್ತದೆ, ಹಾಗಾಗಿ ಮರಿ ಗಿಡ ತಾಯಿಯ ಪಡಿಯಚ್ಚು. ಪಿಟಾಂಗವಾಗಲಿ, ಸೀತಾಫಲದ ನೆಂಟ ರೊಲಿನಿಯಾ ಆಗಲಿ ಹಾಗಲ್ಲ. ಒಂದೇ ಹಣ್ಣಿನ ಬೀಜಗಳಿಂದ ಬಂದ ಗಿಡಗಳೂ ಬೇರೆ ಬೇರೆ ರುಚಿ ಕೊಡಬಹುದು. ಅಂದರೆ ಒಂದೇ ಪಿಟಾಂಗ ಗಿಡ ನೋಡಿ ಆ ಜಾತಿಗೇ ತೀರ್ಪು ಕೊಡುವುದು ತಪ್ಪು. ಒಳ್ಳೆಯ ಮರ ಗೊತ್ತಿದ್ದರೆ ಅದರ ಕಸಿ ಗಿಡವನ್ನೇ ಹುಡುಕಿ.

ಕಾಯುವಿಕೆಯ ಲೆಕ್ಕ ಮೊದಲೇ ಹಾಕಿಕೊಳ್ಳಿ. ಅಬಿಯು, ರೊಲಿನಿಯಾ ಬೀಜದಿಂದ ಬೆಳೆದರೂ 3 ವರ್ಷದ ಆಸುಪಾಸು ಕಾಯಿ ಬಿಡಬಲ್ಲವು. ಮ್ಯಾಂಗೋಸ್ಟೀನ್‌ಗೆ 7ರಿಂದ 10 ವರ್ಷ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಕಾಂಡಕ್ಕೇ ಅಂಟಿಕೊಂಡು ದ್ರಾಕ್ಷಿಯಂಥ ಹಣ್ಣು ಬಿಡುವ ಜಬೋಟಿಕಾಬವೂ 8 ವರ್ಷಕ್ಕೆ ಮೊದಲು ಮನಸ್ಸು ಮಾಡುವುದು ಕಡಿಮೆ. ತಾಳ್ಮೆ ಇಲ್ಲದವರು ಕೆಂಪು ಹೈಬ್ರಿಡ್ ಜಬೋಟಿಕಾಬ ಹಾಕಿ, ಅದು ಬೇಗ ಕಾಯಿ ಬಿಡುತ್ತದೆ.

ಮ್ಯಾಂಗೋಸ್ಟೀನ್ ಸಸಿಗೆ ಮೊದಲ ಕೆಲವು ವರ್ಷ ನೆರಳು ಬಲೆ ಬೇಕೇ ಬೇಕು. ಅದರ ಬೇರು ಬಹಳ ನಾಜೂಕು, ತಾಯಿಬೇರು ತುಂಡಾದರೆ ಗಿಡ ಚೇತರಿಸಿಕೊಳ್ಳುವುದು ಕಷ್ಟ. ಆಳವಾದ ಕುಂಡ ಬಳಸಿ, ಪದೇ ಪದೇ ಕಿತ್ತು ನೆಡಬೇಡಿ. ಜಬೋಟಿಕಾಬಕ್ಕೆ ಸ್ವಲ್ಪ ಹುಳಿ ಮಣ್ಣು ಇಷ್ಟ, ಪಿಎಚ್ 5.5ರಿಂದ 6.5 ಇದ್ದರೆ ಸಾಕು. ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣ ಸಿಗುತ್ತಿಲ್ಲ ಎಂದರ್ಥ. ಇದಕ್ಕೆ ಹೆಚ್ಚಾಗಿ ಕಾರಣ ಸುಣ್ಣದ ಅಂಶ ಜಾಸ್ತಿ ಇರುವ ಗಡಸು ನೀರು. ಮಳೆನೀರು ಹಿಡಿದು ಹಾಕಿ. ಬುಡಕ್ಕೆ ಒಣ ಎಲೆ ದಪ್ಪಗೆ ಹೊದಿಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ.

ರೊಲಿನಿಯಾ ಸೀತಾಫಲದ ಬಳಗ. ಈ ಬಳಗದ ಹೂವು ಮೊದಲು ಹೆಣ್ಣಾಗಿರುತ್ತದೆ, ಆಮೇಲೆ ಗಂಡಾಗುತ್ತದೆ. ಸಣ್ಣ ಜೀರುಂಡೆಗಳು ಪರಾಗ ಸಾಗಿಸುತ್ತವೆ. ಅವು ಬರದಿದ್ದರೆ ಮೆತ್ತನೆಯ ಬ್ರಷ್ ಹಿಡಿಯುವ ಕೆಲಸ ನಮ್ಮದು. ಪೂರ್ತಿ ಅರಳಿ ಪರಾಗ ಉದುರಿಸುತ್ತಿರುವ ಹೂವಿಂದ ಪುಡಿ ತೆಗೆದು, ಈಗಷ್ಟೇ ಬಾಯಿ ಬಿಡುತ್ತಿರುವ ಹೂವಿನ ಒಳಗೆ ಸವರಿ. ಪರಾಗ ಸರಿಯಾಗಿ ಸೇರದಿದ್ದರೆ ಹಣ್ಣು ಸೊಟ್ಟಗಾಗುತ್ತದೆ.

ಇನ್ನು ಕೊಯ್ಲು. ನನ್ನ ಪ್ರಕಾರ ಅರ್ಧ ರುಚಿ ಇಲ್ಲೇ ತೀರ್ಮಾನವಾಗುತ್ತದೆ.

ಪಿಟಾಂಗವನ್ನು ಕೀಳಬೇಡಿ. ಬೆರಳು ಸೋಕಿದರೆ ಸಾಕು, ಕೈಗೆ ಬೀಳಬೇಕು. ಎಳೆಯಬೇಕಾಯಿತು ಅಂದರೆ ಅದು ಇನ್ನೂ ಕಾಯಿ, ತಿಂದರೆ ರಾಳದಂಥ ಘಾಟು ಬಾಯಿ ತುಂಬ. ಆ ಘಾಟು ಇಷ್ಟವಿಲ್ಲದವರು ಹಣ್ಣು ಸೀಳಿ, ಸಕ್ಕರೆ ಉದುರಿಸಿ, ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು ತಿನ್ನಬಹುದು. ಹೋಲಿಕೆಗೆ ಮಾತ್ರ ಆ ಉಪಾಯ ಬೇಡ.

ಅಬಿಯು ಪೂರ್ತಿ ಹಳದಿಯಾದ ಮೇಲೂ ಕೆಲವು ದಿನ ಬಿಡಿ. ಇಲ್ಲದಿದ್ದರೆ ಸಿಪ್ಪೆಯ ಸೊನೆ ತುಟಿಗೆ ಅಂಟುತ್ತದೆ. ಹಣ್ಣು ಅಡ್ಡ ಕತ್ತರಿಸಿ ಚಮಚದಲ್ಲಿ ತಿಂದರೆ ಆ ಗೋಳಿಲ್ಲ.

ಬ್ಲ್ಯಾಕ್ ಸಪೋಟೆ ಹೆಸರಿಗೆ ಸಪೋಟೆ, ನಂಟು ಪರ್ಸಿಮನ್ ಹಣ್ಣಿನ ಜೊತೆ. ಹೊಳೆಯುವ ಹಸಿರು ಮಂಕಾಗಿ, ತೊಟ್ಟಿನ ಮೇಲಿನ ಎಲೆಗಳು ಮೇಲಕ್ಕೆದ್ದ ಮೇಲೆ ಕೊಯ್ಯಿರಿ. ಆಮೇಲೆ ಅದು ಕೊಳೆತಿರಬೇಕು ಅನ್ನಿಸುವಷ್ಟು ಮೆತ್ತಗಾಗಲಿ. ಅದಕ್ಕೆ ಮೊದಲು ಬರೀ ಒಗರು. ಇದನ್ನು ಚಾಕೊಲೇಟ್ ರುಚಿಯ ಹಣ್ಣು ಎಂದು ಮಾರುವವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಬಣ್ಣ ಹೌದು, ನುಣುಪೂ ಹೌದು. ರುಚಿ ಸೌಮ್ಯವಾದ ಸಿಹಿ, ಅಷ್ಟೇ.

ಜಬೋಟಿಕಾಬ ಕಿತ್ತ 3-4 ದಿನದಲ್ಲೇ ಹುದುಗಲು ಶುರು. ಮರದ ಕೆಳಗೇ ನಿಂತು ತಿನ್ನಿ. ರೊಲಿನಿಯಾದ ಮುಳ್ಳಿನಂಥ ತುದಿಗಳು ಕೈ ತಾಗಿದರೆ ಕಪ್ಪಾಗುತ್ತವೆ, ಒಳಗಿನ ತಿರುಳು ಕೆಟ್ಟಿತೆಂದು ಎಸೆಯಬೇಡಿ. ಅದರ ಬೀಜ ಮಾತ್ರ ಜಗಿಯಬೇಡಿ, ಮಿಕ್ಸಿಗೂ ಹಾಕಬೇಡಿ, ವಿಷ. ಮ್ಯಾಂಗೋಸ್ಟೀನ್ ಬುಡದ ಹೂವಿನಂಥ ಗುರುತಿನಲ್ಲಿ ಎಷ್ಟು ಎಸಳಿವೆ ಎಣಿಸಿ, ಒಳಗೆ ಅಷ್ಟೇ ತೊಳೆ ಇರುತ್ತವೆ. ಎಸಳು ಜಾಸ್ತಿ ಇದ್ದ ಹಣ್ಣು ಆರಿಸುತ್ತೇನೆ, ಯಾಕೆಂದರೆ ತೊಳೆ ಜಾಸ್ತಿ ಇದ್ದರೆ ಅವು ಸಣ್ಣವಾಗಿರುತ್ತವೆ, ದಪ್ಪ ಬೀಜ ಇರುವುದು ದೊಡ್ಡ ತೊಳೆಯಲ್ಲಿ.

ರುಚಿ ನೋಡುವ ದಿನ ಹಣ್ಣು ಫ್ರಿಜ್‌ನಿಂದ ಹೊರಗಿರಲಿ. ತಣ್ಣಗಿದ್ದರೆ ಸಿಹಿ ಮಂಕಾಗಿ ಕಾಣುತ್ತದೆ. ಒಂದು ಮರದಿಂದ ಒಂದೇ ಹಣ್ಣು ಸಾಲದು. ಸೌಮ್ಯವಾದದ್ದು ಮೊದಲು, ಹುಳಿ ಮತ್ತು ಘಾಟಿನದ್ದು ಕೊನೆಗೆ. ನಡುವೆ ಬರೀ ನೀರು. ಕತ್ತರಿಸುವ ಮೊದಲಿನ ವಾಸನೆ, ತಿರುಳಿನ ಹದ, ಸಿಹಿ, ಹುಳಿ, ಒಗರು, ನುಂಗಿದ ಮೇಲೆ ಉಳಿಯುವುದು ಎಲ್ಲ ಬರೆದಿಡಿ. "ಚೆನ್ನಾಗಿದೆ" ಎಂದು ಬರೆದರೆ ಮುಂದಿನ ವರ್ಷ ನಿಮಗೇ ಏನೂ ನೆನಪಾಗುವುದಿಲ್ಲ. ಎಗ್ ಫ್ರೂಟ್ ಬಗ್ಗೆ ನನ್ನ ಪುಸ್ತಕದಲ್ಲಿ ಇರುವುದು: ಬೆಂದ ಮೊಟ್ಟೆಯ ಹಳದಿ ಥರ ಪುಡಿಪುಡಿ, ಹುಳಿ ಇಲ್ಲವೇ ಇಲ್ಲ, ಗಂಟಲಿಗೆ ನೀರು ಬೇಕು. ಹಿಂದಿನ ದಿನ ಮಳೆ ಬಂದಿತ್ತಾ ಎಂಬುದನ್ನೂ ಬರೆಯಿರಿ, ನೀರು ಕುಡಿದ ಹಣ್ಣು ಸಪ್ಪೆಯಾಗಿರುತ್ತದೆ. ಎಳೆ ಗಿಡದ ಮೊದಲ ಫಸಲಿಗೆ ಅಂಕ ಕೊಡಬೇಡಿ.

ಬ್ರಿಕ್ಸ್ ಮೀಟರ್ ಇದ್ದರೆ ಒಳ್ಳೆಯದು, ಆದರೆ ಅದು ಅಳೆಯುವುದು ಮುಖ್ಯವಾಗಿ ಸಕ್ಕರೆಯನ್ನು. ಒಂದೇ ಬ್ರಿಕ್ಸ್ ತೋರಿಸುವ ಅಬಿಯು ಮತ್ತು ಅಚಚೈರು ಬಾಯಲ್ಲಿ ಬೇರೆ ಬೇರೆ, ಎರಡನೆಯದಕ್ಕೆ ಹುಳಿಯ ಆಸರೆ ಇದೆ. ನನ್ನ ಮೊದಲ ಸ್ಥಾನ ಅಚಚೈರುಗೇ. ಬರೀ ಸಿಹಿಯ ಹಣ್ಣು ಎರಡು ತುತ್ತಿಗೆ ಸಾಕೆನಿಸುತ್ತದೆ.

ಮಿರಾಕಲ್ ಫ್ರೂಟ್ ಗಿಡವೂ ಇದ್ದರೆ ಒಂದು ಎಚ್ಚರಿಕೆ. ಅದರಲ್ಲಿರುವ ಮಿರಾಕ್ಯುಲಿನ್ ಎಂಬ ಪ್ರೋಟೀನ್ ಅರ್ಧ ಗಂಟೆಯಿಂದ ಎರಡು ಗಂಟೆವರೆಗೆ ಹುಳಿಯನ್ನೆಲ್ಲ ಸಿಹಿ ಮಾಡುತ್ತದೆ. ಟಿಪ್ಪಣಿ ಬರೆದು ಮುಗಿದ ಮೇಲಷ್ಟೇ ಅದನ್ನು ಬಾಯಿಗೆ ಹಾಕಿ. ಆಮೇಲೆ ಬೇಕಾದರೆ ಉಳಿದ ಹುಳಿ ಪಿಟಾಂಗ ಎಲ್ಲ ಖಾಲಿ ಮಾಡಿ.