ಕರಿಕೋಟಿಲ್ಲದೆ ಕಾನೂನು: ವಕೀಲಿ ಮಾಡದವರಿಗೆ ಸ್ನಾತಕೋತ್ತರ ಪದವಿಯ ದಾರಿ

ಆಸ್ಪತ್ರೆಯ ಆಡಳಿತಾಧಿಕಾರಿ, ಬ್ಯಾಂಕಿನ ಸಾಲ ವಿಭಾಗದವರು, ಕಂಪನಿಯ ಎಚ್‌ಆರ್, ಸಾಫ್ಟ್‌ವೇರ್ ಪ್ರಾಜೆಕ್ಟ್ ಮ್ಯಾನೇಜರ್, ಪತ್ರಕರ್ತರು, ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತೆಯರು. ಇವರೆಲ್ಲರ ಮೇಜಿನ ಮೇಲೆ ದಿನಾ ಕಾನೂನು ಬಂದು ಕೂರುತ್ತದೆ. ಕೋರ್ಟಿನಲ್ಲಿ ವಾದ ಮಾಡುವ ಆಸೆ ಇವರಿಗಿಲ್ಲ. ಎದುರಿಗಿರುವ ಕರಾರು ಏನು ಹೇಳುತ್ತದೆ, ಸರ್ಕಾರದ ಹೊಸ ಅಧಿಸೂಚನೆ ತಮ್ಮ ಸಂಸ್ಥೆಗೆ ಅನ್ವಯಿಸುತ್ತದೋ ಇಲ್ಲವೋ ಎಂಬುದು ಗಟ್ಟಿಯಾಗಿ ಗೊತ್ತಾಗಬೇಕು, ಅಷ್ಟೆ. ಅಂಥವರು ಎಲ್‌ಎಲ್‌ಬಿ ಮಾಡದೆಯೂ ಕಾನೂನಿನಲ್ಲಿ ಸ್ನಾತಕೋತ್ತರ ಪದವಿ ಪಡೆಯಬಹುದು. ತೊಂದರೆ ಏನೆಂದರೆ, ಈ ಕೋರ್ಸುಗಳ ಹೆಸರುಗಳು ಒಂದರಂತೆ ಒಂದು ಇರುತ್ತವೆ. ತಪ್ಪು ಕೋರ್ಸಿಗೆ ದುಡ್ಡು ಕಟ್ಟಿದ್ದು ಗೊತ್ತಾಗುವುದು ಎರಡು ವರ್ಷ ಕಳೆದ ಮೇಲೆ.

ಈ ಪದವಿಯಿಂದ ಆಗದ ಕೆಲಸಗಳು

ಮೊದಲು ಇದನ್ನು ತಿಳಿದುಕೊಳ್ಳಿ, ಆಮೇಲೆ ಅರ್ಜಿ. 1961ರ ವಕೀಲರ ಅಧಿನಿಯಮದ 24ನೇ ಪ್ರಕರಣದ (ಸೆಕ್ಷನ್) ಪ್ರಕಾರ ವಕೀಲರಾಗಿ ನೋಂದಾಯಿಸಿಕೊಳ್ಳಲು ಎಲ್‌ಎಲ್‌ಬಿ ಬೇಕೇ ಬೇಕು. ಕಾನೂನಿನಲ್ಲಿ ಎಂಎ ಮಾಡಿದರೂ ಅಷ್ಟೆ, ವ್ಯವಹಾರ ಕಾನೂನಿನ ಎಂಬಿಎಲ್ ಮಾಡಿದರೂ ಅಷ್ಟೆ, ವಕಾಲತ್ತು ಹಾಕಲು ಬರುವುದಿಲ್ಲ. ಅನಧಿಕೃತವಾಗಿ ಕೋರ್ಟಿನಲ್ಲಿ ವಕೀಲಿ ಮಾಡಿದರೆ 45ನೇ ಪ್ರಕರಣದ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ. ‘ಕೋರ್ಟಿಗೆ ಹೋಗೋದಿಲ್ಲ, ಮನೆಯಲ್ಲೇ ಕೂತು ಫೀಸು ತಗೊಂಡು ಕಾನೂನು ಸಲಹೆ ಕೊಡ್ತೀನಿ’ ಎಂಬ ಲೆಕ್ಕಾಚಾರವೂ ಅಪಾಯದ್ದು. ವಿದೇಶಿ ವಕೀಲರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ, ವಕೀಲಿ ವೃತ್ತಿ ಎಂದರೆ ವಾದ ಮಾಡುವುದಷ್ಟೇ ಅಲ್ಲ, ಸಲಹೆ, ಅಭಿಪ್ರಾಯ, ಕರಡು ತಯಾರಿ ಕೂಡ ಅದರಲ್ಲಿ ಸೇರುತ್ತವೆ ಎಂದು ಹೇಳಿದೆ. ನೀವು ನೌಕರಿ ಮಾಡುವ ಸಂಸ್ಥೆಯೊಳಗೆ ಈ ಜ್ಞಾನ ಬಳಸುವುದು ಬೇರೆ, ಊರಿಗೆಲ್ಲ ಬೋರ್ಡು ಹಾಕಿಕೊಂಡು ಕೂರುವುದು ಬೇರೆ.

ಎಲ್‌ಎಲ್‌ಬಿ ಆದವರು ಮಾಡುವ ಸ್ನಾತಕೋತ್ತರ ಪದವಿಯಾದ ಎಲ್‌ಎಲ್‌ಎಂಗೂ ಈ ಕೋರ್ಸುಗಳಿಗೂ ಸಂಬಂಧವಿಲ್ಲ. ಭಾರತದಲ್ಲಿ ಎಲ್‌ಎಲ್‌ಎಂ ಸೇರಲು ಎಲ್‌ಎಲ್‌ಬಿ ಆಗಿರಲೇಬೇಕು, ಕಾನೂನು ಕಾಲೇಜಿನಲ್ಲಿ ಪಾಠ ಮಾಡಲು ಆ ಎಲ್‌ಎಲ್‌ಎಂ ಬೇಕು. ‘ಆನ್‌ಲೈನ್ ಎಲ್‌ಎಲ್‌ಎಂ, ಯಾವ ಪದವೀಧರರಾದರೂ ಸರಿ’ ಎಂಬ ಜಾಹೀರಾತು ಕಂಡರೆ ಅಲ್ಲಿಗೇ ಬಿಡಿ. ಅನುಮತಿಯಿಲ್ಲದ ಇಂಥ ಕೋರ್ಸುಗಳ ಬಗ್ಗೆ ಭಾರತೀಯ ವಕೀಲರ ಪರಿಷತ್ತು 2025ರಲ್ಲಿ ಬಹಿರಂಗವಾಗಿಯೇ ಎಚ್ಚರಿಸಿದೆ. ಇಂಗ್ಲೆಂಡಿನ ಕೆಲವು ವಿಶ್ವವಿದ್ಯಾಲಯಗಳು ಬೇರೆ ವಿಷಯದ ಪದವೀಧರರನ್ನೂ ಎಲ್‌ಎಲ್‌ಎಂಗೆ ಸೇರಿಸಿಕೊಳ್ಳುತ್ತವೆ. ಆದರೆ ಎಲ್‌ಎಲ್‌ಬಿ ಇಲ್ಲದೆ ಹೊರದೇಶದಲ್ಲಿ ಪಡೆದ ಎಲ್‌ಎಲ್‌ಎಂ ಇಲ್ಲಿನ ಎಲ್‌ಎಲ್‌ಎಂಗೆ ಸಮವಲ್ಲ ಎಂದು ಪರಿಷತ್ತಿನ 2020ರ ನಿಯಮಗಳೇ ಹೇಳುತ್ತವೆ.

ಇದನ್ನೆಲ್ಲ ಓದಿದ ಮೇಲೂ ಮನಸ್ಸು ಕೋರ್ಟಿನ ಕಡೆಗೇ ಎಳೆದರೆ ನೇರವಾಗಿ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿ. ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ 45%, ಹಿಂದುಳಿದ ವರ್ಗಕ್ಕೆ 42%, ಪರಿಶಿಷ್ಟರಿಗೆ 40% ಅಂಕ ಬೇಕು. ತರಗತಿ ಹಾಜರಾತಿ 70%. ಹಗಲು ನೌಕರಿ ಇರುವವರಿಗೆ ಈ ಹಾಜರಾತಿಯೇ ದೊಡ್ಡ ಗೋಡೆ. ಅದನ್ನು ಹೇಗೋ ಹೊಂದಿಸಿಕೊಡುತ್ತೇವೆ ಎನ್ನುವವರನ್ನು ನಂಬಬೇಡಿ.

ಯಾವ ಕೋರ್ಸು ಯಾರಿಗೆ

ಬೆಂಗಳೂರಿನ ನಾಗರಭಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್‌ನ ಎಂಬಿಎಲ್, ಅಂದರೆ ವ್ಯವಹಾರ ಕಾನೂನುಗಳ ಸ್ನಾತಕೋತ್ತರ ಪದವಿ, ಎರಡು ವರ್ಷದ್ದು. ಯಾವ ವಿಷಯದ ಪದವೀಧರರಾದರೂ ಅರ್ಜಿ ಹಾಕಬಹುದು. ಕರಾರು, ಕಂಪನಿ, ತೆರಿಗೆ, ಬ್ಯಾಂಕಿಂಗ್ ಕಡೆಯ ಕೆಲಸದವರಿಗೆ ಹೊಂದುತ್ತದೆ. ಅಲ್ಲೇ ವೈದ್ಯಕೀಯ ಕಾನೂನು, ಬೌದ್ಧಿಕ ಆಸ್ತಿ, ಮಕ್ಕಳ ಹಕ್ಕು, ಪರಿಸರ, ಗ್ರಾಹಕ ಕಾನೂನು, ಸೈಬರ್ ಕಾನೂನು ಮುಂತಾದವುಗಳಲ್ಲಿ ಒಂದು ವರ್ಷದ ಪಿಜಿ ಡಿಪ್ಲೊಮಾಗಳಿವೆ. ಎರಡು ವರ್ಷಕ್ಕೆ ಕೈಹಾಕುವ ಧೈರ್ಯ ಸಾಲದಿದ್ದರೆ ಡಿಪ್ಲೊಮಾದಿಂದ ಶುರು ಮಾಡುವುದೇ ಜಾಣತನ. ಕಾನೂನಿನ ಬರಹ ಮೈಗೆ ಹಿಡಿಸುತ್ತದೋ ಇಲ್ಲವೋ ಒಂದು ವರ್ಷದಲ್ಲಿ ತಿಳಿಯುತ್ತದೆ.

ಹೈದರಾಬಾದಿನ ನಲ್ಸಾರ್ ವಿಶ್ವವಿದ್ಯಾಲಯ ದೂರಶಿಕ್ಷಣದಲ್ಲಿ ವಿಮಾನಯಾನ ಕಾನೂನು, ಬಾಹ್ಯಾಕಾಶ ಮತ್ತು ದೂರಸಂಪರ್ಕ ಕಾನೂನು, ಕಡಲ ಕಾನೂನು, ರಕ್ಷಣಾ ಕಾನೂನು, ಕ್ರಿಮಿನಲ್ ಕಾನೂನು ಮತ್ತು ವಿಧಿವಿಜ್ಞಾನ ಎಂಬ ವಿಷಯಗಳಲ್ಲಿ ಎಂಎ ನಡೆಸುತ್ತ ಬಂದಿದೆ. ಬೆಂಗಳೂರಿನ ಬಾಹ್ಯಾಕಾಶ, ವಿಮಾನ ಉದ್ಯಮಗಳಲ್ಲಿರುವ ಎಂಜಿನಿಯರುಗಳು ಗಮನಿಸಬೇಕಾದ ಕೋರ್ಸುಗಳಿವು. ಯಾವ ವರ್ಷ ಯಾವುದಕ್ಕೆ ಪ್ರವೇಶ ಎಂದು ಆಯಾ ಸಾಲಿನ ಅಧಿಸೂಚನೆಯಲ್ಲೇ ನೋಡಿಕೊಳ್ಳಿ.

ಸರ್ಕಾರದ ಯೋಜನೆ, ನೀತಿ ನಿರೂಪಣೆ ಕಡೆ ಹೋಗುವವರಿಗೆ ನ್ಯಾಷನಲ್ ಲಾ ಸ್ಕೂಲ್‌ನ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ ಇದೆ. ಪೂರ್ಣಾವಧಿಯದು, ಎರಡು ವರ್ಷ, ಎನ್‌ಎಲ್‌ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ನೌಕರಿ ಇಟ್ಟುಕೊಂಡು ಇದನ್ನು ಮಾಡಲಾಗದು.

ಪೇಟೆಂಟ್ ಕೆಲಸದ ಆಸೆಯಿರುವ ವಿಜ್ಞಾನ, ಎಂಜಿನಿಯರಿಂಗ್ ಪದವೀಧರರಿಗೆ ಒಂದು ಮಾತು: ಪೇಟೆಂಟ್ ಏಜೆಂಟ್ ಆಗಲು ಕಾನೂನು ಪದವಿಯೇ ಬೇಕಿಲ್ಲ. ಪೇಟೆಂಟ್ ಅಧಿನಿಯಮದ 126ನೇ ಪ್ರಕರಣ ಕೇಳುವುದು ವಿಜ್ಞಾನ ಅಥವಾ ತಂತ್ರಜ್ಞಾನದ ಪದವಿ ಮತ್ತು ಅರ್ಹತಾ ಪರೀಕ್ಷೆ. ಮೊದಲು ಅದಕ್ಕೆ ಕೂತು, ಆಮೇಲೆ ಬೇಕೆನಿಸಿದರೆ ಬೌದ್ಧಿಕ ಆಸ್ತಿಯ ಡಿಪ್ಲೊಮಾ ಸೇರಿಸಿಕೊಳ್ಳಿ.

ಅರ್ಜಿಗೆ ಮುಂಚೆ

ದೂರಶಿಕ್ಷಣ ಅಥವಾ ಆನ್‌ಲೈನ್ ಕೋರ್ಸಾದರೆ ಯುಜಿಸಿಯ ದೂರಶಿಕ್ಷಣ ಮಂಡಳಿಯ (ಡಿಇಬಿ) ಜಾಲತಾಣಕ್ಕೆ ಹೋಗಿ, ನೀವು ಸೇರುವ ಸಾಲಿನ ಪಟ್ಟಿ ತೆಗೆಯಿರಿ. ಅದರಲ್ಲಿ ವಿಶ್ವವಿದ್ಯಾಲಯದ ಹೆಸರಿದ್ದರೆ ಸಾಲದು, ನಿಮ್ಮ ಕೋರ್ಸಿನ ಹೆಸರೂ ಇರಬೇಕು. ಹೋದ ವರ್ಷದ ಪಟ್ಟಿ ಈ ವರ್ಷಕ್ಕೆ ಸಲ್ಲದು. ‘ಸ್ಟಡಿ ಸೆಂಟರ್’ ಬೋರ್ಡಿನ ಅಂಗಡಿಗಳಲ್ಲಿ ಫೀಸು ಕಟ್ಟಬೇಡಿ. ಫ್ರಾಂಚೈಸಿ ಕೊಟ್ಟು ಕೋರ್ಸು ನಡೆಸುವುದಕ್ಕೆ ಯುಜಿಸಿ ನಿಯಮಗಳಲ್ಲಿ ಅವಕಾಶವಿಲ್ಲ, ಫೀಸು ವಿಶ್ವವಿದ್ಯಾಲಯದ ಖಾತೆಗೇ ಹೋಗಬೇಕು.

2024ರಿಂದ ಇಂಥ ಕೋರ್ಸು ಸೇರುವವರಿಗೆ ಡಿಇಬಿ ಐಡಿ ಕಡ್ಡಾಯವಾಗಿದೆ. ಅದನ್ನು ಮಾಡಿಸಲು ಎಬಿಸಿ ಐಡಿ, ಅಂದರೆ ನಿಮ್ಮ ಓದಿನ ಕ್ರೆಡಿಟ್ಟುಗಳನ್ನು ಕೂಡಿಡುವ ಖಾತೆಯ ಸಂಖ್ಯೆ ಬೇಕು, ಅದಕ್ಕೆ ಆಧಾರ್. ನಮ್ಮ ಕಡೆಯವರ ಅರ್ಜಿ ತಡವಾಗುವುದು ಇಲ್ಲೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್ ಆರ್’, ಆಧಾರ್‌ನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಬಿಡಿಸಿ ಬರೆದಿರುತ್ತದೆ, ಪದವಿ ಪ್ರಮಾಣಪತ್ರದಲ್ಲಿ ಇನಿಷಿಯಲ್ ಮುಂದೆ. ಮೂರೂ ಕಡೆ ಒಂದೇ ಬಗೆಯಲ್ಲಿ ಇಲ್ಲದಿದ್ದರೆ ಪರಿಶೀಲನೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಧಾರ್ ಅನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದಿಸುವುದು ಸುಲಭ, ಅಂಕಪಟ್ಟಿಯನ್ನು ಆಧಾರ್‌ಗೆ ಹೊಂದಿಸುವುದು ಕಷ್ಟ. ಅರ್ಜಿಯ ಕೊನೆಯ ದಿನಕ್ಕೆ ಎರಡು ತಿಂಗಳು ಮುಂಚೆಯೇ ಈ ಕೆಲಸ ಮುಗಿಸಿ. ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಮೈಗ್ರೇಷನ್ ಸರ್ಟಿಫಿಕೇಟ್ ತೆಗೆದಿಟ್ಟುಕೊಳ್ಳಿ. ಸರ್ಕಾರಿ ನೌಕರರು ಇಲಾಖೆಯ ಅನುಮತಿ ಪತ್ರವನ್ನು ಪ್ರವೇಶಕ್ಕೆ ಮುಂಚೆಯೇ ಪಡೆದಿರಬೇಕು.

ಕೋರ್ಸು ಯಾಕೆ ಬೇಕೆಂದು ಹೇಳುವ ಉದ್ದೇಶ ಪತ್ರದಲ್ಲಿ ‘ಚಿಕ್ಕಂದಿನಿಂದಲೂ ನ್ಯಾಯದ ಬಗ್ಗೆ ಆಸಕ್ತಿ’ ಎಂದು ಬರೆದರೆ ಆಯ್ಕೆ ಮಾಡುವವರಿಗೆ ಏನೂ ತಿಳಿಯುವುದಿಲ್ಲ. ‘ನಮ್ಮ ಆಸ್ಪತ್ರೆಯ ಒಪ್ಪಿಗೆ ಪತ್ರಗಳು ಇಂಗ್ಲಿಷಿನಲ್ಲೇ ಇವೆ, ಓದಲು ಬಾರದ ರೋಗಿಯಿಂದ ಪಡೆದ ಸಹಿ ಎಷ್ಟರಮಟ್ಟಿಗೆ ಒಪ್ಪಿಗೆ ಎಂಬುದನ್ನು ತಿಳಿಯಬೇಕಿದೆ’ ಎಂದು ಬರೆಯಿರಿ. ನಿಮ್ಮ ಕೆಲಸದಲ್ಲಿ ಎದುರಾದ ಒಂದೇ ಪ್ರಶ್ನೆ ಸಾಕು.

ಕಾನೂನು ಓದುವ ಕೈ ಕುದುರಿಸುವುದು

ಹೆಚ್ಚಿನವರು ಸೋಲುವುದು ಇಲ್ಲಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳಬೇಕು. ಬೇರೆ ವಿಷಯಗಳ ಪುಸ್ತಕದಲ್ಲಿ ಒಂದು ಪುಟ ಓದಿದರೆ ಆ ಪುಟದ ವಿಷಯ ತಿಳಿಯುತ್ತದೆ. ಕಾಯ್ದೆಯಲ್ಲಿ ಹಾಗಲ್ಲ.

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 34ನೇ ಪ್ರಕರಣ ತೆಗೆದುಕೊಳ್ಳಿ. ಒಂದು ಕೋಟಿ ರೂಪಾಯಿವರೆಗಿನ ದೂರುಗಳು ಜಿಲ್ಲಾ ಆಯೋಗಕ್ಕೆ ಎಂದು ಅಲ್ಲಿದೆ. ಫ್ಲಾಟಿಗೆ 70 ಲಕ್ಷ ಕೊಟ್ಟವರು ಇಷ್ಟನ್ನೇ ಓದಿ ಜಿಲ್ಲಾ ಆಯೋಗಕ್ಕೆ ಹೋದರೆ ದೂರು ವಾಪಸ್ಸು ಬರುತ್ತದೆ. ಯಾಕೆಂದರೆ ಅದೇ ಪ್ರಕರಣದ ಕೆಳಗೊಂದು ಪರಂತುಕ, ಅಂದರೆ ‘ಆದರೆ’ ಎಂದು ಷರತ್ತು ಸೇರಿಸುವ ವಾಕ್ಯ ಇದೆ, ಕೇಂದ್ರ ಸರ್ಕಾರ ಬೇರೆ ಮೊತ್ತ ಗೊತ್ತುಪಡಿಸಬಹುದು ಎಂದು. ಆ ಅಧಿಕಾರದಿಂದ 2021ರ ಡಿಸೆಂಬರಿನಲ್ಲಿ ಬಂದ ನಿಯಮಗಳು ಜಿಲ್ಲೆಯ ಮಿತಿಯನ್ನು 50 ಲಕ್ಷಕ್ಕೆ ಇಳಿಸಿದವು. 50 ಲಕ್ಷದಿಂದ 2 ಕೋಟಿವರೆಗೆ ರಾಜ್ಯ ಆಯೋಗ, ಅದರ ಮೇಲೆ ರಾಷ್ಟ್ರೀಯ ಆಯೋಗ.

34ನೇ ಪ್ರಕರಣದ ಅದೇ ವಾಕ್ಯವನ್ನು ಇನ್ನೊಮ್ಮೆ ಓದಿ. ಲೆಕ್ಕಕ್ಕೆ ಬರುವುದು ‘ಪ್ರತಿಫಲವಾಗಿ ಪಾವತಿಸಿದ’ ಮೊತ್ತ ಮಾತ್ರ. 1986ರ ಹಳೆಯ ಕಾಯ್ದೆಯಲ್ಲಿ ಕೇಳುವ ಪರಿಹಾರವೂ ಸೇರುತ್ತಿತ್ತು. 45 ಲಕ್ಷ ಕೊಟ್ಟು 20 ಲಕ್ಷ ಪರಿಹಾರ ಕೇಳುವವರ ಲೆಕ್ಕ ಆಗ 65 ಲಕ್ಷ, ಈಗ 45 ಲಕ್ಷ. ಈಗಿನ 50 ಲಕ್ಷದ ಮಿತಿಗೆ ಹಿಡಿದು ನೋಡಿದರೆ, ಒಂದೇ ಪದದಿಂದ ಆಯೋಗವೇ ಬದಲಾಗುತ್ತದೆ. ಆದ್ದರಿಂದ ಪ್ರಕರಣ, ಅದರ ಪರಂತುಕ, ವ್ಯಾಖ್ಯೆಗಳ ಪ್ರಕರಣ, ನಿಯಮಗಳು, ತಿದ್ದುಪಡಿ, ಆಮೇಲೆ ತೀರ್ಪು ಎಂಬ ಕ್ರಮದಲ್ಲೇ ಓದುವ ಅಭ್ಯಾಸ ಮಾಡಿಕೊಳ್ಳಿ. ಕಾಯ್ದೆಯ ಪಠ್ಯವನ್ನು ಸರ್ಕಾರದ ಇಂಡಿಯಾ ಕೋಡ್ ತಾಣದಿಂದಲೇ ತೆಗೆಯಿರಿ.

ಕನ್ನಡ ಮಾಧ್ಯಮದಲ್ಲಿ ಓದಿದವರು ಕಾನೂನಿನ ಇಂಗ್ಲಿಷಿಗೆ ಹೆದರುತ್ತಾರೆ. ಹೆದರಬೇಕಾಗಿಲ್ಲ, ಅದಕ್ಕೊಂದು ಒಳ್ಳೆಯ ಮೆಟ್ಟಿಲಿದೆ. ಕರ್ನಾಟಕದ ಕಾಯ್ದೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತವೆ, ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ದಿನಕ್ಕೆ ಎರಡು ಪ್ರಕರಣ ಓದಿ. ಕನ್ನಡದ ‘ಮಾಡತಕ್ಕದ್ದು’ ಇಂಗ್ಲಿಷಿನಲ್ಲಿ ‘ಶಲ್’, ಅಂದರೆ ಕಡ್ಡಾಯ. ‘ಮಾಡಬಹುದು’ ಅಲ್ಲಿ ‘ಮೇ’, ವಿವೇಚನೆಗೆ ಬಿಟ್ಟದ್ದು. ‘ಒಳಪಟ್ಟು’ ಎಂದಿದ್ದರೆ ಈ ಪ್ರಕರಣ ಇನ್ನೊಂದಕ್ಕೆ ತಲೆಬಾಗುತ್ತದೆ, ‘ಏನೇ ಒಳಗೊಂಡಿದ್ದರೂ’ ಎಂದಿದ್ದರೆ ಇದೇ ಮೇಲುಗೈ. ಕಾಯ್ದೆ ಓದುವಾಗ ಕಣ್ಣು ಮೊದಲು ಹುಡುಕಬೇಕಾದದ್ದು ಈ ನಾಲ್ಕನ್ನು. ತಿಂಗಳೊಳಗೆ ಕೈ ಕುದುರುತ್ತದೆ.

ತೀರ್ಪು ಓದುವುದು ಬೇರೆಯೇ ವಿದ್ಯೆ. ಹೊಸಬರು ಪದೇ ಪದೇ ಮಾಡುವ ತಪ್ಪು ಒಂದಿದೆ. ತೀರ್ಪಿನ ಮೊದಲ ಭಾಗದಲ್ಲಿ ಎರಡೂ ಕಡೆಯ ವಕೀಲರ ವಾದ ಇರುತ್ತದೆ, ಅದನ್ನೇ ನ್ಯಾಯಾಲಯದ ಮಾತೆಂದು ಎತ್ತಿ ಬರೆಯುವುದು. ಉತ್ತರ ಪತ್ರಿಕೆಯಲ್ಲಿ ಹೀಗಾದರೆ ಅಂಕ ಹೋಗುತ್ತದೆ, ಕಚೇರಿಯ ಟಿಪ್ಪಣಿಯಲ್ಲಾದರೆ ಹೆಸರು ಹೋಗುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನ 2017ರ ಖಾಸಗಿತನದ ತೀರ್ಪು 547 ಪುಟ, ಒಂಬತ್ತು ನ್ಯಾಯಮೂರ್ತಿಗಳು, ಆರು ಪ್ರತ್ಯೇಕ ಅಭಿಪ್ರಾಯಗಳು. ಮೊದಲ ಪುಟದಿಂದ ಹಿಡಿದರೆ ಮುಳುಗಿಹೋಗುತ್ತೀರಿ. ಕೊನೆಯಲ್ಲಿರುವ ಚಿಕ್ಕ ಆದೇಶ ಮೊದಲು ಓದಿ, ಯಾವ ಹಳೆಯ ತೀರ್ಪುಗಳನ್ನು ತಳ್ಳಿಹಾಕಿದ್ದಾರೆ ಎಂದು ಗುರುತಿಸಿ, ಆಮೇಲೆ ನಿಮ್ಮ ಪ್ರಶ್ನೆಗೆ ಸಂಬಂಧಿಸಿದ ಭಾಗಕ್ಕೆ ಹೋಗಿ. ಪ್ರತಿ ತೀರ್ಪಿಗೂ ಒಂದೇ ಪುಟದ ಟಿಪ್ಪಣಿ: ಸಂಗತಿ ಐದು ಸಾಲು, ಪ್ರಶ್ನೆ ಒಂದು ಸಾಲು, ಉತ್ತರ ಒಂದು ಸಾಲು, ಕಾರಣ ಐದಾರು ಸಾಲು, ಪ್ಯಾರಾ ಸಂಖ್ಯೆ ಸಮೇತ. ಪ್ಯಾರಾ ಸಂಖ್ಯೆ ಬಿಟ್ಟರೆ ಪ್ರಬಂಧ ಬರೆಯುವಾಗ ಮತ್ತೆ ಮೊದಲಿಂದ ಹುಡುಕಬೇಕು.

ಹಳೆಯ ನೋಟ್ಸು ಎರವಲು ತರುವ ಮುನ್ನ ಅದರ ವರ್ಷ ನೋಡಿ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ವಂಚನೆಯ 420 ಈಗ 318(4). ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. ಆದರೂ ಹಳೆಯ ಕಾಯ್ದೆಗಳ ಕೆಳಗಿನ ತೀರ್ಪುಗಳನ್ನು ಓದಲೇಬೇಕು, ಹೊಸ ಪದಗಳ ಅರ್ಥ ಅವುಗಳಿಂದಲೇ ತೆರೆದುಕೊಳ್ಳುತ್ತದೆ.

ವಾರಕ್ಕೆ ಎಂಟರಿಂದ ಹತ್ತು ಗಂಟೆ ಬೇಕು. ಭಾನುವಾರ ಒಂದೇ ದಿನ ಕೂತು ಮುಗಿಸುತ್ತೇನೆ ಎಂದರೆ ಆಗುವುದಿಲ್ಲ, ದಿನಕ್ಕೆ ಒಂದೂಕಾಲು ಗಂಟೆಯಂತೆ ಓದಿದವರೇ ಮುಗಿಸುತ್ತಾರೆ.

ಪ್ರಬಂಧ

‘ಭಾರತದಲ್ಲಿ ಗ್ರಾಹಕ ರಕ್ಷಣೆ’ ಎಂಬ ವಿಷಯ ಇಟ್ಟುಕೊಂಡರೆ ಪ್ರಬಂಧ ಮುಗಿಯುವುದೇ ಇಲ್ಲ. ‘ಬೆಂಗಳೂರಿನ ಜಿಲ್ಲಾ ಗ್ರಾಹಕ ಆಯೋಗಗಳ ಆದೇಶಗಳಲ್ಲಿ ಫ್ಲಾಟು ತಡವಾದುದಕ್ಕೆ ಕೊಟ್ಟ ಬಡ್ಡಿ’ ಎಂದು ಕಿರಿದು ಮಾಡಿ. ಎರಡು ವರ್ಷದ ಅವಧಿ ಗೊತ್ತುಮಾಡಿಕೊಂಡು 40 ಆದೇಶಗಳನ್ನು ಇಳಿಸಿಕೊಳ್ಳಿ. ಪಾವತಿಸಿದ ಮೊತ್ತ, ತಡವಾದ ತಿಂಗಳು, ಕೇಳಿದ್ದು, ಕೊಟ್ಟದ್ದು, ಬಡ್ಡಿ ದರ, ಕಾರಣ ಎಂದು ಆರು ಕಲಂಗಳ ಪಟ್ಟಿ ಮಾಡಿ. ಆ ಪಟ್ಟಿ ತುಂಬಿದಾಗ ಅಧ್ಯಾಯಗಳು ತಾವಾಗಿಯೇ ಕಾಣುತ್ತವೆ. ನಿಮ್ಮ ಕಂಪನಿಯ ಕಡತಗಳನ್ನು ಬಳಸುವುದಾದರೆ ಲಿಖಿತ ಅನುಮತಿ ಮೊದಲು.

ಅಮೆರಿಕದಲ್ಲಿರುವವರಿಗೆ

ಅಲ್ಲಿ ಇದೇ ಪದವಿ ಎಂಎಲ್‌ಎಸ್, ಎಂಎಸ್‌ಎಲ್, ಜ್ಯೂರಿಸ್ ಮಾಸ್ಟರ್ ಎಂಬ ಹೆಸರುಗಳಲ್ಲಿ ಸಿಗುತ್ತದೆ. ಸಾಮಾನ್ಯವಾಗಿ 30 ಕ್ರೆಡಿಟ್ಟಿನ ಆಸುಪಾಸು, ಪೂರ್ಣಾವಧಿಯಾದರೆ ಒಂದು ವರ್ಷ. ವಕೀಲರಾಗಲು ಬರೆಯುವ ಬಾರ್ ಪರೀಕ್ಷೆಗೆ ಇದರಿಂದ ಅರ್ಹತೆ ಬರುವುದಿಲ್ಲ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋಗುವವರು ಫೀಸು ಕಟ್ಟುವ ಮುಂಚೆ ಕೋರ್ಸಿನ ಸಿಐಪಿ ಕೋಡ್, ಅಂದರೆ ಅದು ಯಾವ ವಿಷಯಕ್ಕೆ ಸೇರಿದ್ದೆಂದು ತೋರಿಸುವ ಸಂಖ್ಯೆ ಕೇಳಿ. ಅದು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿ ಇಲ್ಲದಿದ್ದರೆ ಒಪಿಟಿ, ಅಂದರೆ ಓದಿನ ನಂತರ ಅಲ್ಲಿ ಕೆಲಸ ಮಾಡುವ ಅನುಮತಿ, 12 ತಿಂಗಳಿಗೇ ಮುಗಿಯುತ್ತದೆ, ಮುಂದಿನ 24 ತಿಂಗಳ ವಿಸ್ತರಣೆ ಸಿಗದು.

ಪದವಿ ಕೈಗೆ ಬಂದ ಮೇಲೆ

ರೆಸ್ಯೂಮೆಯಲ್ಲಿ ‘ಲೀಗಲ್ ಕನ್ಸಲ್ಟೆಂಟ್’ ಎಂದು ಬರೆಯಬೇಡಿ. ನಿಮ್ಮ ಹಳೆಯ ವೃತ್ತಿಯ ಪಕ್ಕಕ್ಕೆ ಕಾನೂನನ್ನು ಕೂರಿಸಿ: ಕರಾರು ನಿರ್ವಹಣೆ, ಅನುಪಾಲನೆ (ಕಂಪ್ಲಯನ್ಸ್), ದತ್ತಾಂಶ ಸಂರಕ್ಷಣೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮಕ್ಕೆ 2025ರ ನವೆಂಬರಿನಲ್ಲಿ ನಿಯಮಗಳು ಬಂದಿವೆ, ತಂತ್ರಾಂಶವನ್ನೂ ಪ್ರಕರಣವನ್ನೂ ಎರಡನ್ನೂ ಓದಬಲ್ಲವರಿಗೆ ಅಲ್ಲಿ ಕೆಲಸವಿದೆ. ಎಚ್‌ಆರ್‌ನವರಿಗೆ ಮನೆಯೊಳಗೇ ಒಂದು ಬಾಗಿಲಿದೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 4ನೇ ಪ್ರಕರಣ, ದೂರು ವಿಚಾರಿಸುವ ಆಂತರಿಕ ಸಮಿತಿಗೆ ಉದ್ಯೋಗಿ ಸದಸ್ಯರನ್ನು ಆರಿಸುವಾಗ ಆದ್ಯತೆ ಕೊಡಬೇಕಾದವರಲ್ಲಿ ‘ಕಾನೂನಿನ ತಿಳಿವಳಿಕೆ ಇರುವವರು’ ಎಂದೂ ಹೆಸರಿಸುತ್ತದೆ. ಪದವಿ ಮುಗಿದ ವಾರವೇ ಆ ಸಮಿತಿಗೆ ನಿಮ್ಮ ಹೆಸರು ಪರಿಗಣಿಸುವಂತೆ ಆಡಳಿತಕ್ಕೆ ಪತ್ರ ಬರೆಯಿರಿ, ಪ್ರಕರಣದ ಸಂಖ್ಯೆ ಸಮೇತ.