ಜಗಿದಷ್ಟೂ ರುಚಿ ಕೊಡುವ ಖರ್ಜೂರ-ಅಕ್ರೋಟು ಬಾರ್

ಈ ಬಾರ್‌ಗೆ ಬೆಣ್ಣೆ ಬೇಡ, ಎಣ್ಣೆಯೂ ಬೇಡ. ಬರೆಯಲು ಮರೆತಿದ್ದಾರೆ ಅಂದುಕೊಳ್ಳಬೇಡಿ, ಹಳೇ ಕಾಲದ ವಿಧಾನವೇ ಹಾಗೆ. ಮೊಟ್ಟೆ, ಸಕ್ಕರೆ, ಖರ್ಜೂರ ಮೂರೂ ಸೇರಿ ಹಿಡಿದಿಟ್ಟುಕೊಳ್ಳುತ್ತವೆ. ಮೈದಾ ಕಡಿಮೆ ಇರುವುದರಿಂದಲೇ ಇದು ಕೇಕ್ ಆಗದೆ ಬಾರ್ ಆಗುವುದು.

ಬೇಕಾಗುವುದು ಇಷ್ಟು: ಬೀಜ ತೆಗೆದ ಖರ್ಜೂರ 200 ಗ್ರಾಂ, ಅಕ್ರೋಟು 100 ಗ್ರಾಂ, ಮೈದಾ 90 ಗ್ರಾಂ, ಕಂದು ಸಕ್ಕರೆ 150 ಗ್ರಾಂ, ಮೊಟ್ಟೆ 2, ಬೇಕಿಂಗ್ ಪೌಡರ್ 1 ಟೀ ಚಮಚ, ಕಾಲು ಚಮಚ ಉಪ್ಪು, ಕೊನೆಗೆ ಹೊರಳಿಸಲು ಸ್ವಲ್ಪ ಪುಡಿ ಸಕ್ಕರೆ. ಖರ್ಜೂರ ಮೆತ್ತಗಿರಬೇಕು. ಉತ್ತುತ್ತೆ ಹಾಕಿದರೆ ಹಲ್ಲಿಗೇ ಕೆಲಸ.

ಮೊದಲು ಓವನ್ 165 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲು ಇಡಿ. 20 ಸೆಂಟಿಮೀಟರ್ ಅಗಲದ ಚೌಕಾಕಾರದ ಟ್ರೇಗೆ ಬಟರ್ ಪೇಪರ್ ಹಾಸಿ. ಕಾಗದ ಎರಡು ಬದಿಯಲ್ಲಿ ಸ್ವಲ್ಪ ಹೊರಗೆ ಚಾಚಿರಲಿ, ಆಮೇಲೆ ಎತ್ತಿ ತೆಗೆಯಲು ಸುಲಭ. ಅಕ್ರೋಟನ್ನು ಬಾಣಲೆಯಲ್ಲಿ ಘಮ ಬರುವವರೆಗೆ ಹುರಿದು, ಆರಿದ ಮೇಲೆ ದಪ್ಪದಪ್ಪಗೆ ಮುರಿಯಿರಿ.

ಖರ್ಜೂರ ಹೆಚ್ಚುವುದೇ ಇದರಲ್ಲಿ ತಲೆನೋವಿನ ಕೆಲಸ. ಚಾಕುವಿಗೆಲ್ಲಾ ಅಂಟಿಕೊಳ್ಳುತ್ತದೆ. ನಾನು ಕತ್ತರಿಯನ್ನು ಆಗಾಗ ಬಿಸಿನೀರಿಗೆ ಅದ್ದಿ ಕತ್ತರಿಸುತ್ತೇನೆ. ತುಂಡುಗಳ ಮೇಲೆ ಒಂದು ಚಮಚ ಮೈದಾ ಉದುರಿಸಿ ಬೆರಳಲ್ಲಿ ಬಿಡಿಸಿ. ಇಲ್ಲದಿದ್ದರೆ ಎಲ್ಲಾ ಒಂದೇ ಉಂಡೆಯಾಗಿ ಒಂದು ಮೂಲೆ ಸೇರುತ್ತದೆ.

ಮೊಟ್ಟೆ, ಸಕ್ಕರೆ ಎರಡನ್ನೂ ಚೆನ್ನಾಗಿ ಕಲಕಿ. ಮಿಶ್ರಣ ಗಟ್ಟಿಯಾಗಿ ಬಣ್ಣ ತಿಳಿಯಾಗಬೇಕು. ಉಳಿದ ಮೈದಾ, ಬೇಕಿಂಗ್ ಪೌಡರ್, ಉಪ್ಪು ಜರಡಿ ಹಿಡಿದು ಸೇರಿಸಿ. ಈಗ ಕೈ ನಿಧಾನ. ಒಣ ಹಿಟ್ಟು ಕಾಣದಂತಾದರೆ ಸಾಕು. ಜಾಸ್ತಿ ಕಲಸಿದರೆ ಮೈದಾ ಬಿಗಿದು ಬಾರ್ ರಬ್ಬರಿನಂತಾಗುತ್ತದೆ. ಖರ್ಜೂರ, ಅಕ್ರೋಟು ಹಾಕಿ ಒಮ್ಮೆ ತಿರುವಿ, ಟ್ರೇಗೆ ಸುರಿದು ಮೂಲೆಮೂಲೆಗೂ ಹರಡಿ. ಹಿಟ್ಟಿಗಿಂತ ಖರ್ಜೂರವೇ ಹೆಚ್ಚಾಯಿತಲ್ಲ ಅನ್ನಿಸುತ್ತದೆ, ಅಲ್ವಾ? ಇರಬೇಕಾದ್ದೇ ಹಾಗೆ.

25ರಿಂದ 30 ನಿಮಿಷ ಬೇಯಿಸಿ. 22ನೇ ನಿಮಿಷದಿಂದಲೇ ಕಣ್ಣಿಡಿ. ಅಂಚು ಹೊಂಬಣ್ಣಕ್ಕೆ ತಿರುಗಿ, ನಡುಭಾಗ ಮುಟ್ಟಿದರೆ ಇನ್ನೂ ಮೆತ್ತಗಿರಬೇಕು. ಕಡ್ಡಿ ಚುಚ್ಚಿದರೆ ಒದ್ದೆ ಹಿಟ್ಟು ಬರಬಾರದು, ಆದರೆ ಅಂಟಂಟು ತುಣುಕು ಬರಲೇಬೇಕು. ಕೇಕಿನ ಅಭ್ಯಾಸದಲ್ಲಿ ಕಡ್ಡಿ ಶುಭ್ರವಾಗಿ ಬರಲಿ ಎಂದು ಕಾದು ನಾನು ಒಂದು ಟ್ರೇ ಪೂರ್ತಿ ಒಣಗಿಸಿದ್ದೇನೆ. ಹೊರಗೆ ತೆಗೆದ ಮೇಲೂ ಟ್ರೇಯ ಬಿಸಿಗೆ ಅದು ಬೇಯುತ್ತಲೇ ಇರುತ್ತದೆ.

15 ನಿಮಿಷ ಬಿಟ್ಟು, ಬೆಚ್ಚಗಿರುವಾಗಲೇ ಉದ್ದುದ್ದ ಕತ್ತರಿಸಿ. ಪೂರ್ತಿ ಆರಿದ ಮೇಲೆ ಪುಡಿ ಸಕ್ಕರೆಯಲ್ಲಿ ಹೊರಳಿಸಿ. ಬಿಸಿಯಲ್ಲಿ ಹೊರಳಿಸಿದರೆ ಸಕ್ಕರೆ ಕರಗಿ ಅಂಟಾಗುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಪದರದ ನಡುವೆ ಕಾಗದ ಇಟ್ಟು ಜೋಡಿಸಿ. ಖರ್ಜೂರದ ತೇವ ಹಿಟ್ಟಿಗೂ ಹರಡಿ, ಮಾರನೆಯ ದಿನ ಇನ್ನೂ ಚೆನ್ನಾಗಿ ಜಗಿಯಲು ಸಿಗುತ್ತದೆ. ಅಷ್ಟರವರೆಗೆ ಡಬ್ಬಿಯಲ್ಲಿ ಏನಾದರೂ ಉಳಿದಿದ್ದರೆ.