ಅವ್ವನಿಗಾಗಿ ಬರೆದ ನಾಲ್ಕು ಪುಟ

ಅವನಿಗೆ ಇಪ್ಪತ್ತಾರು ವರ್ಷ. ಮುಂಬೈಯ ಒಂದೇ ಫೈರ್ ಸ್ಟೇಷನ್ನಿನಲ್ಲಿ, ಒಂದೇ ಪಾಳಿಯಲ್ಲಿ ನಾವಿಬ್ಬರೂ ಇದ್ದೆವು. ಅವನಿಗೆ ಪ್ಯಾರಾಮೆಡಿಕ್ ತರಬೇತಿಯೂ ಆಗಿತ್ತು. ಒಂದು ಹಳೆ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಅಜ್ಜನೊಬ್ಬನನ್ನು ಹೊತ್ತು ಕೆಳಗಿಳಿಸಿ ಮತ್ತೆ ಮೇಲೆ ಹೋದ. ಮರದ ಮೆಟ್ಟಿಲು ಕುಸಿಯಿತು.

ಅವನ ಅವ್ವ ಧಾರಾವಿಯಲ್ಲಿದ್ದಾರೆ, ಕಲಬುರಗಿ ಕಡೆಯವರು. ಓದಲು ಬರುವುದು ಕನ್ನಡ ಮಾತ್ರ. ಶೋಕಸಭೆಯಲ್ಲಿ ಕೊಟ್ಟ ಮರಾಠಿ ಪತ್ರವನ್ನು ನನ್ನ ಕೈಗಿಟ್ಟು ಓದಿ ಹೇಳು ಅಂದರು. ಶೂರ, ಧೀರ, ಕರ್ತವ್ಯನಿಷ್ಠ ಅಂತ ಹೇಳುತ್ತಾ ಹೋದೆ. "ತಮ್ಮಾ, ಇದು ಯಾರೋ ಸಾಹೇಬರ ಸುದ್ದಿ ಅನಸ್ತದ. ನನ್ನ ಮಗಂದು ಏನರ ಅದ ಏನು ಇದ್ರಾಗ?"

ಅದಕ್ಕೇ ನಾನೇ ಬರೆಯಲು ಕೂತೆ. ಮೊದಲ ಪುಟ ಹರಿದುಹಾಕಿದೆ. ಅದೂ ಶೂರ, ಧೀರ ಅಂತಲೇ ಶುರುವಾಗಿತ್ತು. ಆಮೇಲೆ ಪಾಳಿಯವರನ್ನು ಒಬ್ಬೊಬ್ಬರನ್ನೇ ಕೇಳಿದೆ. ಅವನು ಎಂಥವನು ಅಂತಲ್ಲ, ನಿನ್ನ ಕಣ್ಣೆದುರು ಏನು ಮಾಡಿದ್ದ ಅಂತ. ಡ್ರೈವರ್ ಹೇಳಿದ್ದು: ಬೆಲ್ ಆದ ತಕ್ಷಣ ಕಿಸೆಗೆ ಎರಡು ಜೊತೆ ಗ್ಲೌಸ್ ತುರುಕುತ್ತಿದ್ದ. ಒಂದು ತನಗೆ, ಇನ್ನೊಂದು ಮರೆತು ಬಂದವನಿಗೆ. ನಾನೂ ಎಷ್ಟೋ ಸಲ ಇಸಿದುಕೊಂಡಿದ್ದೇನೆ.

ಜಾಸ್ತಿ ಸಿಕ್ಕಿದ್ದು ಅವನ ಚಾಳಿನ, ಅಂದರೆ ಅವನಿದ್ದ ವಠಾರದ, ಹುಡುಗರಿಂದ. ಅವರಿಗೆ ದಿಂಬಿನ ಮೇಲೆ ಸಿಪಿಆರ್, ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದು, ಕಲಿಸುತ್ತಿದ್ದನಂತೆ. ಎದೆಯ ನಡುವೆ ಅಂಗೈ ಬುಡ ಇಡಬೇಕು, ಮೊಣಕೈ ಬಾಗಬಾರದು. ಕಡಿಮೆ ಅಂದರೂ 5 ಸೆಂಟಿಮೀಟರ್ ಒಳಗೆ ಹೋಗಬೇಕು, ನಿಮಿಷಕ್ಕೆ 100ರಿಂದ 120 ಸಲ. 30 ಸಲ ಒತ್ತಿ, 2 ಉಸಿರು ಕೊಡಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಗಾಬರಿಯಲ್ಲಿ ಎಲ್ಲರೂ ತಪ್ಪುವುದು ಇಲ್ಲೇ. ಎಣಿಕೆ ಮಾತ್ರ ಕನ್ನಡದಲ್ಲಿ, ಜೋರಾಗಿ.

ಈ ಪುಟ ಓದುತ್ತಿದ್ದ ಹಾಗೆ ಅವ್ವ ಎದ್ದು ಒಳಗೆ ಹೋಗಿ ಒಂದು ದಿಂಬು ತಂದರು. ನಡುವೆ ಹತ್ತಿ ಕೂತು ಗುಳಿ ಬಿದ್ದಿತ್ತು. "ದಿಂಬು ಹಾಳ ಮಾಡ್ತಿ ಅಂತ ಬೈದಿದ್ದೆ ಅವಗ" ಅಂದರು. ಆ ಗುಳಿಯಲ್ಲಿ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು.

ಏಪ್ರಿಲ್ 14ಕ್ಕೆ ಅವರನ್ನು ಬೈಕುಲಾದಲ್ಲಿರುವ ನಮ್ಮ ಫೈರ್ ಬ್ರಿಗೇಡ್ ಮುಖ್ಯ ಕಚೇರಿಯ ಸ್ಮಾರಕಕ್ಕೆ ಕರೆದುಕೊಂಡು ಹೋದೆ. 1944ರ ಅದೇ ದಿನ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸಿಡಿದು, ಬೆಂಕಿ ಆರಿಸಲು ಹೋಗಿದ್ದ ನಮ್ಮ 66 ಮಂದಿ ಸತ್ತರು. ಅವರಿಗೂ ಅವ್ವಂದಿರು ಇದ್ದರಲ್ವಾ ಅಂತ ಅಲ್ಲಿ ನಿಂತಾಗ ಅನಿಸಿತು.

ಅಂಬೇಡ್ಕರ್ ಜಯಂತಿಯೂ ಅವತ್ತೇ. ಸಂಜೆ ಮೆರವಣಿಗೆಗೆ ಮುಂಚೆ ಚಾಳಿನ ಹುಡುಗರನ್ನು ಕೂರಿಸಿ ಸಿಪಿಆರ್ ಹೇಳಿಕೊಡಲು ಶುರು ಮಾಡಿದೆ. ದಿಂಬು ಬೇಕಿತ್ತು. ಅವ್ವ ಆ ದಿಂಬು ಕೊಡಲಿಲ್ಲ. ಪಕ್ಕದ ಮನೆಯಿಂದ ಬೇರೆ ಇಸಿದು ತಂದು, ಎಣಿಸಲು ತಾವೇ ಕೂತರು.